ಒಗೆಯದ ಅಂಗಿ

ಅಂಗಿ ಬೆಳಿಗ್ಗೆ ಬಂತು. ಬೇರೆ ಬಟ್ಟೆಗಳ ಜೊತೆ ಗಂಟಿನಲ್ಲಿ, ಏನೂ ಆಗಿಲ್ಲವೆಂಬಂತೆ ಬಂತು.

ತಂದವನು ಬಾಲ. ಅವನಿಗೂ ಹೆತ್ತವರಿಟ್ಟ ಹೆಸರೊಂದಿದೆ. ಆದರೆ ಬೀದಿಯ ರೌಡಿ ಡುಮ್ಮ ಎಲ್ಲಿ ಹೋದರೂ ಹಿಂದೆಯೇ ಅಲ್ಲಾಡಿಕೊಂಡು ಹೋಗುತ್ತಾನಾದ್ದರಿಂದ ಬೀದಿಯವರು ಅವನನ್ನು ಬಾಲ ಎಂದೇ ಕರೆಯುತ್ತಾರೆ, ಬೆನ್ನ ಹಿಂದೆ. ಅವನು ಗಂಟನ್ನು ಇಸ್ತ್ರಿ ಮೇಜಿನ ಮೇಲೆ ಎಸೆದ. ಅದು ಒಗೆದು ಮಡಿಚಿಟ್ಟಿದ್ದ ದಿಂಬಿನ ಚೀಲಗಳ ಮೇಲೆಯೇ ಹೋಗಿ ಬಿತ್ತು.

"ಸಂಜೆ ಒಳಗೆ ಬೇಕು. ಬಿಳಿ ಅಂಗಿ ಮೇಲೆ ಕಲೆ ಇದೆ, ನೋಡ್ಕೊಂಡು ಒಗಿ. ಅಣ್ಣ ಅದನ್ನೇ ಹಾಕ್ಕೊಂಡು ಸಂಘದ ಮೀಟಿಂಗಿಗೆ ಹೋಗ್ಬೇಕು."

"ಎಂಥ ಕಲೆ?" ಎಂದಳು ಇಸ್ತ್ರಿಯವಳು.

ಬಾಲ ಹಲ್ಲು ಕಿರಿದ. "ನೀನೇ ನೋಡಿದ್ದೀಯಲ್ಲ, ನಿನ್ನೆ."

ಅಷ್ಟು ಹೇಳಿ ಹೋದ. ಅವಳು ಗಂಟು ಬಿಚ್ಚಲಿಲ್ಲ. ಎದುರುಗಡೆ ಬೀಗದವನ ಗೂಡಂಗಡಿ ಬಾಗಿಲು ಹಾಕಿತ್ತು. ಅದರ ಮುಂದಿನ ಕಲ್ಲನ್ನು ಯಾರೋ ನೀರು ಹಾಕಿ ಗುಡಿಸಿದ್ದರು. ಸರಿಯಾಗಿ ಗುಡಿಸಿರಲಿಲ್ಲ. ಬೇರೆಯವರ ಕೊಳೆ ತೆಗೆದು ಅಭ್ಯಾಸವಿಲ್ಲದವರು ಗುಡಿಸಿದರೆ ಹಾಗೇ ಆಗುತ್ತದೆ, ಸಂದಿಯಲ್ಲೆಲ್ಲ ಉಳಿದುಬಿಡುತ್ತದೆ.

ಆ ಬೀದಿ ಎರಡು ಸಾಲು ಅಂಗಡಿಗಳ ಬೀದಿ. ಪಾತ್ರೆ, ಔಷಧಿ, ಬ್ರೆಡ್ಡು, ದಾರ-ಗುಂಡಿ, ಸೈಕಲ್ಲು, ಗಾಜು. ಒಬ್ಬರ ಮನೆ ಜಗಳ ಇನ್ನೊಬ್ಬರಿಗೆ ಕೇಳಿಸುವಷ್ಟು ಹತ್ತಿರ. ಡುಮ್ಮ ಹುಟ್ಟಿ ಬೆಳೆದದ್ದೂ ಅಲ್ಲೇ. ಚಿಕ್ಕವನಿದ್ದಾಗ ಬ್ರೆಡ್ಡಿನವನ ಅಂಗಡಿ ಮುಂದೆ ನಿಂತು ಕತ್ತರಿಸಿ ಬಿಟ್ಟ ಅಂಚು ತಿಂದು, ಸೈಕಲ್ಲಿನವನ ಹತ್ತಿರ ಬಾಡಿಗೆ ಇಲ್ಲದೆ ಸೈಕಲ್ಲು ಹೊಡೆದು ಬೆಳೆದ. ಕೆನ್ನೆ ಉಬ್ಬಿಸಿಕೊಂಡು ಓಡಾಡುತ್ತಿದ್ದವನನ್ನು ಇಡೀ ಬೀದಿ ಡುಮ್ಮ ಎಂದು ಮುದ್ದು ಮಾಡಿತ್ತು. ಈಗ ಆ ಹೆಸರನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಧೈರ್ಯವಿಲ್ಲ. ಈಗ ಅವನು ಅಣ್ಣ. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರಿಗೂ ಅಣ್ಣ.

ಮೊದಲು ದುಡ್ಡು ಕೇಳಿದ, ಕೊಟ್ಟರು. ಆಮೇಲೆ ಅಂಗಡಿಯೊಳಗೆ ಬಂದು ಬೇಕಾದ್ದು ಎತ್ತಿಕೊಂಡು ಹೋಗತೊಡಗಿದ, ಚೀಲ ಹಿಡಿದು ನಿಂತರು. ಗಾಜಿನವನು ಒಂದು ಸಲ ಎದುರು ಮಾತಾಡಿದ್ದಕ್ಕೆ ಅವನ ಅಂಗಡಿಯ ಗಾಜನ್ನೆಲ್ಲ ಅವನ ಕೈಯಲ್ಲೇ ಒಡೆಸಿದ. ಅವನು ಒಂದೊಂದೇ ಎತ್ತಿ ಒಡೆದ. ಬೀದಿ ಕೇಳಿಸಿಕೊಂಡಿತು. ನೋಡಲಿಲ್ಲ.

ನೋಡದೆ ಇರುವುದಕ್ಕೂ ಆ ಬೀದಿಯವರು ಒಂದು ಉಪಾಯ ಕಂಡುಹಿಡಿದಿದ್ದರು. ಅದಕ್ಕೆ ಅರ್ಧ ಶಟರ್ ಎಂದು ಹೆಸರು. ಗಲಾಟೆ ಶುರುವಾದರೆ ಶಟರನ್ನು ಪೂರ್ತಿ ಎಳೆಯುವಂತಿಲ್ಲ. ಎಳೆದರೆ, "ಯಾಕೆ, ನಾನೇನು ಹುಲಿನಾ?" ಎಂದು ಡುಮ್ಮ ಕೆರಳುತ್ತಾನೆ. ಪೂರ್ತಿ ತೆರೆದಿಡುವಂತೆಯೂ ಇಲ್ಲ, ತೆರೆದಿಟ್ಟರೆ ನೋಡಿದ ಹಾಗಾಗುತ್ತದೆ. ಆದ್ದರಿಂದ ಸೊಂಟದ ಮಟ್ಟಕ್ಕೆ ಎಳೆದು ಒಳಗೆ ನಿಲ್ಲುತ್ತಾರೆ. ಆಮೇಲೆ ಯಾರು ಬಂದು ಕೇಳಿದರೂ ಉತ್ತರ ಒಂದೇ: "ಕಾಲು ಮಾತ್ರ ಕಾಣಿಸ್ತು ಸ್ವಾಮಿ." ಸುಳ್ಳಲ್ಲ. ನಿಜವಾಗಿಯೂ ಕಾಲು ಮಾತ್ರ ಕಂಡಿರುತ್ತದೆ. ಅಷ್ಟು ಜಾಣರು.

ಇಸ್ತ್ರಿಯವಳಿಗೆ ಆ ಜಾಣತನ ಮಾಡುವ ಅನುಕೂಲ ಇರಲಿಲ್ಲ. ಅವಳಿಗೆ ಶಟರೇ ಇಲ್ಲ. ಪಾತ್ರೆ ಅಂಗಡಿಯವರ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಇದ್ದಿಲಿನ ಇಸ್ತ್ರಿ ಪೆಟ್ಟಿಗೆ, ಮೇಲೆ ಬಟ್ಟೆ ತೂಗುಹಾಕಲು ಒಂದು ತಂತಿ. ಹಿಂದೆ ನಲ್ಲಿ, ಒಗೆಯುವ ಕಲ್ಲು, ಎರಡು ತೊಟ್ಟಿ. ಅಲ್ಲಿ ಅವಳ ಅತ್ತೆ ಒಗೆಯುತ್ತಾಳೆ, ಇಲ್ಲಿ ಇವಳು ಇಸ್ತ್ರಿ ಹಾಕುತ್ತಾಳೆ. ಗಂಡ ಸತ್ತ ಮೇಲೆ ಇಬ್ಬರೇ. ಇಡೀ ಬೀದಿಯ ಬೆವರು, ಎಣ್ಣೆ, ವಾಂತಿ, ಹೆರಿಗೆ, ಹೆಣದ ಮೇಲೆ ಹೊದಿಸಿದ್ದ ಚಾದರ, ಎಲ್ಲವೂ ಆ ಇಬ್ಬರ ಕೈ ದಾಟಿಯೇ ಹೋಗಬೇಕು. ಒಗೆಯುವ ಸೋಡದ ನೀರಿನಲ್ಲಿ ನೆಂದು ನೆಂದು ಅತ್ತೆಯ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ. ಇವಳ ಬಲಗೈಯ ಒಳಗೆ ಇಸ್ತ್ರಿ ಪೆಟ್ಟಿಗೆಯ ಹಿಡಿಯಷ್ಟೇ ಅಗಲದ ಜಡ್ಡು.

ಅವಳು ಹಿಂದೊಮ್ಮೆ ಅಂಗಡಿಯವರ ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದ್ದಳು. ಸಂಘದ ಅಧ್ಯಕ್ಷರು ಪಾತ್ರೆ ಅಂಗಡಿಯವರೇ. ಅವರು ನಕ್ಕು, "ಸಂಘ ಶಟರ್ ಇರೋರಿಗಮ್ಮ. ನಿಂದೇನು ಅಂಗಡಿನಾ, ಮೆಟ್ಟಿಲು" ಎಂದಿದ್ದರು. ಸಂಘದ ಮೀಟಿಂಗಿನ ಮೇಜಿಗೆ ಹಾಸುವ ಬಟ್ಟೆ ಅವಳೇ ಒಗೆದು ಕೊಡಬೇಕು. ಅವಳು ಒಗೆದ ಬಟ್ಟೆ ಮೈಗೆ ಆಗುತ್ತಿತ್ತು. ಅವಳು ಕುಡಿದ ಲೋಟ ಮಾತ್ರ ಬೇರೆ ಇರುತ್ತಿತ್ತು.

ಹಿಂದಿನ ದಿನ ಮಧ್ಯಾಹ್ನ ಆದದ್ದು ಇಷ್ಟು. ಡುಮ್ಮ ಬೀಗದವನ ಗೂಡಿನ ಮುಂದೆ ಬಂದು ನಿಂತ. ಬೀಗದವನು ವೈಸಿನ ಎರಡು ಕಬ್ಬಿಣದ ದವಡೆಗಳ ನಡುವೆ ಒಂದು ಕೀ ಸಿಕ್ಕಿಸಿ ಅರ ಉಜ್ಜುತ್ತಿದ್ದ. ಮಾತು ಕಡಿಮೆ, ಕೆಲಸ ಹೆಚ್ಚು ಎನ್ನುವಂಥ ಮನುಷ್ಯ. ಬೀದಿಯ ಬೀಗಗಳೆಲ್ಲ ಅವನು ಹಾಕಿದವೇ.

"ಎಲ್ಲಾ ಅಂಗಡಿದೂ ಒಂದೊಂದು ಕೀ ಮಾಡ್ಕೊಡು," ಎಂದ ಡುಮ್ಮ. "ರಾತ್ರಿ ಹೊತ್ತು ನನ್ನ ಸಾಮಾನು ಇಡೋಕೆ ಜಾಗ ಬೇಕು. ಪ್ರತಿ ಸಲ ಇವರ ಮನೆ ಬಾಗಿಲು ಬಡಿಯೋಕೆ ನನಗೆ ಬೇಜಾರು."

ಬೀಗದವನು ಅರ ನಿಲ್ಲಿಸಿದ. "ಬೀಗ ಯಾರದ್ದೋ ಕೀ ಅವರದ್ದು. ಅವರು ಬಂದು ಕೇಳಿದ್ರೆ ಮಾಡ್ಕೊಡ್ತೀನಿ. ನೀನು ಕೇಳಿದ್ರೆ ಇಲ್ಲ."

"ಇನ್ನೊಂದು ಸಲ ಹೇಳು."

"ಇಲ್ಲ ಅಂದೆ."

ಶಟರುಗಳು ಬೀದಿಯ ಈ ತುದಿಯಿಂದ ಆ ತುದಿಗೆ ಗರಗರ ಎಂದು ಇಳಿದವು. ಡುಮ್ಮ ವೈಸಿನಲ್ಲಿದ್ದ ಕೀ ತೆಗೆದು ಎಸೆದ. ಬಾಲ ಬೀಗದವನನ್ನು ಹಿಂದಿನಿಂದ ಅಮುಕಿ ಹಿಡಿದ. ಡುಮ್ಮ ಅವನ ಬಲಗೈಯನ್ನು ವೈಸಿನ ಬಾಯಿಗೆ ಇಟ್ಟು ಹಿಡಿ ತಿರುಗಿಸಿದ. ನಿಧಾನವಾಗಿ ತಿರುಗಿಸಿದ. ಆಮೇಲೆ ಬೀಗದವನದೇ ಸುತ್ತಿಗೆ ತೆಗೆದುಕೊಂಡ.

ಇಸ್ತ್ರಿಯವಳು ಪೆಟ್ಟಿಗೆ ಬಿಟ್ಟು ಓಡಿದಳು. "ಬಿಡೋ! ಕೈ ಬಿಡೋ ಅವನದು!" ಬಾಲ ಕಾಲು ಚಾಚಿ ಅವಳನ್ನು ಬೀಳಿಸಿದ. ಡುಮ್ಮ ಮತ್ತೆ ಸುತ್ತಿಗೆ ಎತ್ತಿದವನು ಒಂದು ಕ್ಷಣ ಅವಳ ಕಡೆ ತಿರುಗಿದ. ಅವನ ಬಿಳಿ ಅಂಗಿಯ ಎದೆ, ತೋಳು, ಕಾಲರ್ ಎಲ್ಲ ಕೆಂಪಾಗಿತ್ತು.

"ಹೋಗು, ಏನೋ ಸುಡ್ತಿದೆ ಅಲ್ಲಿ. ನಿನ್ನ ಕೆಲಸ ನೋಡು," ಎಂದ.

ಅಷ್ಟೇ ಹೇಳಿದ್ದು. ಬಾಯಿಬಿಟ್ಟರೆ ನೋಡು ಎಂದು ಹೆದರಿಸಲೂ ಇಲ್ಲ. ಹೆದರಿಸಬೇಕಾದರೆ ಎದುರಿಗಿರುವುದು ಒಂದು ಮನುಷ್ಯ ಪ್ರಾಣಿ ಎಂದಾದರೂ ಅನ್ನಿಸಬೇಕು. ಅವನಿಗೆ ಅವಳು ಮೆಟ್ಟಿಲ ಕೆಳಗಿನ ಮೇಜು, ತೊಟ್ಟಿ, ನಲ್ಲಿ. ನಲ್ಲಿ ನೋಡಿದರೆ ಯಾರಿಗೇನು?

ಸಂಜೆ ಪೇದೆ ಬಂದ. ಒಂದೊಂದೇ ಅಂಗಡಿಗೆ ಹೋಗಿ ಕೇಳಿದ. ಕಾಲು, ಕಾಲು, ಕಾಲು. ಕೊನೆಗೆ ಇಸ್ತ್ರಿ ಮೇಜಿನ ಹತ್ತಿರ ಬಂದ. ಅವಳು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು.

"ನನ್ನ ಯೂನಿಫಾರ್ಮ್ ಆಯ್ತಾ?" ಎಂದ ಪೇದೆ.

"ಆಯ್ತು. ನನ್ನನ್ನ ಕೇಳಲ್ವಾ?"

"ಏನು ಕೇಳೋದು?"

"ಏನು ನೋಡ್ದೆ ಅಂತ."

"ಅಂಗಡಿಯವರನ್ನ ಕೇಳಿ ಬಾ ಅಂದಿದ್ದಾರೆ ಸಾಹೇಬ್ರು. ನೀನು ಅಂಗಡಿಯವಳಾ?" ಪೇದೆ ಮಡಿಚಿದ ಬಟ್ಟೆ ಕಂಕುಳಲ್ಲಿಟ್ಟುಕೊಂಡು ಹೋದ.

ಅದೇ ಸಂಜೆ ಸಂಘದವರು ಪಾತ್ರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ ತೀರ್ಮಾನ ಮಾಡಿದರು. ಪ್ರತಿಯೊಬ್ಬರೂ ತಮ್ಮ ಅಂಗಡಿಯ ಇನ್ನೊಂದು ಕೀಯನ್ನು ತಾವಾಗಿಯೇ ಡುಮ್ಮನಿಗೆ ಕೊಟ್ಟುಬಿಡುವುದು. ಕೇಳಿದರೆ, ಬೀದಿಯ ಭದ್ರತೆಗಾಗಿ ಎನ್ನುವುದು. ನಾಳೆ ಸಂಜೆ ಅವನನ್ನು ಕರೆದು ಗೌರವವಾಗಿ ಕೊಡುವುದು. ಅದಕ್ಕೆಂದು ಪಾತ್ರೆ ಅಂಗಡಿಯವರು ಹೊಸ ಸ್ಟೀಲ್ ತಟ್ಟೆಯೊಂದನ್ನು ತೆಗೆದು ಒರೆಸಿಟ್ಟರು. ಯಾವುದನ್ನು ಕೊಡುವುದಿಲ್ಲ ಎಂದು ಬೀಗದವನು ಕೈ ಕಳೆದುಕೊಂಡನೋ ಅದನ್ನು ಇವರು ತಟ್ಟೆಯಲ್ಲಿಟ್ಟು ಕೊಡುವವರಿದ್ದರು. ಆ ಮೀಟಿಂಗಿಗೆ ಡುಮ್ಮನಿಗೆ ಅವನ ಬಿಳಿ ಅಂಗಿ ಬೇಕಿತ್ತು.

ಅವಳು ಗಂಟನ್ನು ಹಿಂದೆ ಕಲ್ಲಿನ ಹತ್ತಿರ ತೆಗೆದುಕೊಂಡು ಹೋದಳು. ಅತ್ತೆ ಬಿಚ್ಚಿದಳು. ಅಂಗಿ ಮೇಲೆ ಬಂತು. ಒಣಗಿ ಕಂದಾಗಿತ್ತು, ಎದೆಯ ಭಾಗ ಗಟ್ಟಿಯಾಗಿ ನಿಂತಿತ್ತು.

"ತಣ್ಣೀರು ಹಾಕು," ಎಂದಳು ಅತ್ತೆ. "ಉಪ್ಪು ಹಾಕಿ ನೆನೆಸು. ಮೈಮರೆತು ಬಿಸಿನೀರು ಹಾಕ್ಬಿಟ್ಟೀಯ."

"ಯಾಕೆ ಒಗೀಬೇಕು ಅತ್ತೆ?"

"ಯಾಕೆ ಅಂದ್ರೆ? ಒಗೆಯೋದು ನಮ್ಮ ಕೆಲಸ. ಯಾರ ಕೊಳೆ ಅಂತ ಕೇಳ್ತಾ ಕೂತ್ರೆ ಒಂದು ಕರ್ಚೀಫೂ ಒಗೆಯೋಕಾಗಲ್ಲ ಈ ಬೀದೀಲಿ. ಈ ಡುಮ್ಮ ಹುಟ್ಟಿದಾಗ ಇವನ ಉಚ್ಚೆ ಬಟ್ಟೆ ಒಗೆದವಳು ನಾನು. ಆಗಲೂ ಹೀಗೇ, ಎಷ್ಟು ತೊಳೆದ್ರೂ ನಾತ ಹೋಗ್ತಿರಲಿಲ್ಲ."

ಅತ್ತೆ ನಗಲಿಲ್ಲ. ಇವಳೂ ನಗಲಿಲ್ಲ. ಅತ್ತೆಗೆ ಹೆದರಿಕೆಯಾದರೆ ನಾಲಿಗೆ ಇನ್ನೂ ಚುರುಕಾಗುತ್ತದೆ ಎಂದು ಸೊಸೆಗೆ ಗೊತ್ತು.

"ಇದು ಬೀಗದಣ್ಣನ ರಕ್ತ."

"ಗೊತ್ತು ಕಣೇ, ನನಗೇನು ಕಣ್ಣಿಲ್ವಾ? ಈ ಮೆಟ್ಟಿಲ ಕೆಳಗಿಂದ ಓಡಿಸಿದ್ರೆ ಎಲ್ಲಿಗೆ ಹೋಗ್ತೀಯ? ನನ್ನನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತೀಯ? ಸುಮ್ನೆ ತೊಟ್ಟಿಗೆ ಹಾಕು."

ಅವಳು ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಾಗ ಬೀಗದವನ ಹೆಂಡತಿ ಬಂದಳು.

ಆಸ್ಪತ್ರೆಯಿಂದ ನೇರ ಬಂದಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ತಲೆ ಕೆದರಿತ್ತು, ಕಣ್ಣು ಬಾತಿತ್ತು. ಅವಳು ನೀರಿನ ತೊಟ್ಟಿಯ ಅಂಚಿನ ಮೇಲೆ ಕೂತಳು.

"ಕೈ ತೆಗೆದ್ರು," ಎಂದಳು. "ಮಣಿಕಟ್ಟಿನ ಹತ್ರಕ್ಕೆ."

ನಲ್ಲಿ ತೊಟ್ಟಿಕ್ಕುತ್ತಿತ್ತು.

"ಎಚ್ಚರ ಆದ ಕೂಡಲೆ ಏನು ಹೇಳಿದ್ರು ಗೊತ್ತಾ? ಪಾತ್ರೆ ಅಂಗಡಿಯವರ ಕೀ ಅರ್ಧ ಆಗಿತ್ತು, ಅವರಿಗೆ ಹೇಳು, ಬೇರೆ ಕಡೆ ಮಾಡಿಸ್ಕೊಳ್ಳಲಿ, ಪಾಪ ಕಾಯ್ತಿರ್ತಾರೆ ಅಂತ." ಅವಳು ಕವರನ್ನು ಮುಂದೆ ಹಿಡಿದಳು. "ನಿನ್ನೆ ಹಾಕಿದ್ದ ಅಂಗಿ. ಇರೋದೇ ಎರಡು. ನಾಳೆಗೆ ಒಂದು ಬೇಕು ಅಂದ್ರು ಆಸ್ಪತ್ರೇಲಿ. ಹೋಗುತ್ತಾ ಇದು? ಹೋಗಲ್ಲ ಅಂದ್ರೆ ಬಿಡು."

ಇಸ್ತ್ರಿಯವಳು ಕವರಿನಿಂದ ಅಂಗಿ ತೆಗೆದಳು. ಬಲತೋಳು ಮೊಣಕೈವರೆಗೆ ಕಂದು. ಇನ್ನೊಂದು ಕೈಯಲ್ಲಿ ಡುಮ್ಮನ ಅಂಗಿ. ಎರಡರ ಮೇಲೂ ಒಂದೇ ರಕ್ತ. ಎರಡೂ ಅವಳ ಕೈಗೇ ಬಂದಿವೆ, ಒಂದೇ ತೊಟ್ಟಿಗೆ. ಹೊಡೆದವನದನ್ನೂ ಹೊಡೆಸಿಕೊಂಡವನದನ್ನೂ ಒಟ್ಟಿಗೆ ನೆನೆಸಿ, ಒಟ್ಟಿಗೆ ಹಿಂಡಿ, ಪಕ್ಕಪಕ್ಕದಲ್ಲಿ ಒಣಹಾಕಿ, ಇಬ್ಬರಿಗೂ ಬೆಳ್ಳಗೆ ಮಾಡಿ ಕೊಡಬೇಕು.

"ಹೋಗುತ್ತೆ ಅತ್ತಿಗೆ," ಎಂದಳು. "ಬೀಗದಣ್ಣನ ಅಂಗಿ ಒಗೀತೀನಿ. ಇವನದ್ದು ಒಗೆಯಲ್ಲ."

ಡುಮ್ಮನ ಅಂಗಿಯನ್ನು ಕಲ್ಲಿನಾಚೆ ಎಸೆದಳು. ಬೀಗದವನ ಅಂಗಿಯನ್ನು ತಣ್ಣೀರಿನಲ್ಲಿ ಅದ್ದಿದಳು. ನೀರು ಕೆಂಪಾಯಿತು, ಚೆಲ್ಲಿದಳು. ಮತ್ತೆ ತುಂಬಿದಳು. ಕಲ್ಲಿನ ಮೇಲೆ ಬಡಿಯಲಿಲ್ಲ, ಬಡಿದರೆ ಹಳೆಯ ಬಟ್ಟೆ ಸೀಳುತ್ತದೆ. ತೋಳನ್ನು ಎರಡು ಅಂಗೈ ನಡುವೆ ಇಟ್ಟು ಉಜ್ಜಿದಳು. ಉಪ್ಪು ಬೆರಳ ಬಿರುಕಿಗೆ ಇಳಿದು ಉರಿಯಿತು. ನೀರು ಗುಲಾಬಿಯಾಯಿತು, ಆಮೇಲೆ ತಿಳಿಯಾಯಿತು. ಬೆನ್ನು ಹಿಡಿದುಕೊಂಡಿತು. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. ಅಳುತ್ತಿದ್ದಳು, ಅದಕ್ಕೂ ನಿಲ್ಲಿಸಲಿಲ್ಲ. ಕೊನೆಗೆ ಅತ್ತೆ ಬಂದು ಅಂಗಿಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎದುರುಬದುರು ನಿಂತು ಹಿಂಡಿದರು. ಅಂಗಿ ಬಿಸಿಲಿಗೆ ಹೋಯಿತು.

ಆಮೇಲೆ ಅವಳು ಡುಮ್ಮನ ಅಂಗಿ ಎತ್ತಿಕೊಂಡು ಮುಂದೆ ಬಂದಳು. ಮೇಜಿನ ಮೇಲೆ ಹರಡಿ ನೀರು ಚಿಮುಕಿಸಿದಳು. ಪೆಟ್ಟಿಗೆಗೆ ಹೊಸ ಕೆಂಡ ತುಂಬಿದಳು.

ರಕ್ತದ ಕಲೆಗೆ ಬಿಸಿ ತಾಗಬಾರದು. ತಾಗಿದರೆ ಅದು ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಸೋಪು ತಿಕ್ಕಿದರೂ ಪೂರ್ತಿ ಬಿಡುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಬೈದು ಬೈದು ಕಲಿಸಿದ್ದ ಮೊದಲನೇ ಪಾಠ ಅದು. ಅವಳು ಕಾದ ಪೆಟ್ಟಿಗೆಯನ್ನು ನೇರ ಕಲೆಯ ಮೇಲಿಟ್ಟು ಒತ್ತಿದಳು. ಚುಂಯ್ ಎಂದಿತು. ಕಮಟು ಹೊಗೆ ಎದ್ದು ಮೂಗಿಗೆ ಬಡಿಯಿತು. ಅತ್ತೆ ಹಿಂದಿನಿಂದ ಓಡಿ ಬಂದಳು.

"ಅಯ್ಯೋ, ಏನು ಮಾಡ್ತಿದ್ದೀಯೇ!"

"ಇಸ್ತ್ರಿ ಹಾಕ್ತಿದ್ದೀನಿ."

ಅತ್ತೆ ನೋಡಿದಳು. ಸೊಸೆಯ ಮುಖವನ್ನೂ ನೋಡಿದಳು, ಅಂಗಿಯನ್ನೂ ನೋಡಿದಳು. ಆಮೇಲೆ ಮೂಗೊರೆಸಿಕೊಂಡು, "ಕಾಲರ್ ಸರಿಯಾಗಿ ಹಾಕು ಮತ್ತೆ. ಕೆಲಸ ಬರಲ್ಲ ಅಂದಾರು," ಎಂದಳು.

ಅವಳು ಕಾಲರ್ ಸರಿಯಾಗಿ ಹಾಕಿದಳು. ತೋಳಿಗೆ ಚಾಕುವಿನಂಥ ಗೆರೆ ತಂದಳು. ಗುಂಡಿಗಳ ಸುತ್ತ ಪೆಟ್ಟಿಗೆಯ ಮೂಗು ತಿರುಗಿಸಿದಳು. ಅಷ್ಟು ಚೆಂದದ ಇಸ್ತ್ರಿ ಆ ಬೀದಿಯಲ್ಲಿ ಮದುವೆ ಗಂಡಿಗೂ ಸಿಕ್ಕಿರಲಿಕ್ಕಿಲ್ಲ. ಎದೆಯ ತುಂಬ ಕಂದು ಕಲೆ, ತೋಳಿನ ಮೇಲೆ ಚಿಮ್ಮಿದ ಹನಿಗಳು, ಎಲ್ಲ ಒಂದೂ ಸುಕ್ಕಿಲ್ಲದೆ ಎದ್ದು ಕಂಡವು. ಅದನ್ನು ಹ್ಯಾಂಗರಿಗೆ ಹಾಕಿ ಮುಂದಿನ ತಂತಿಗೆ, ಬೀದಿಗೆ ಮುಖ ಮಾಡಿ, ತೂಗುಹಾಕಿದಳು.

ಮೊದಲು ಕಂಡವನು ಬ್ರೆಡ್ಡಿನವನು. ಕಂಡವನೇ ಒಳಗೆ ಹೋದ. ದಾರ-ಗುಂಡಿಯವನು ಗಿರಾಕಿಗೆ ಚಿಲ್ಲರೆ ಕೊಡುವುದು ಮರೆತು ನಿಂತ. ಔಷಧಿ ಅಂಗಡಿಯ ಹುಡುಗಿ ಗಾಜಿನ ಕಪಾಟಿನ ಹಿಂದಿನಿಂದ ನೋಡಿದಳು. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಅಂಗಡಿ ನಡೆಸುವವಳು, ಡುಮ್ಮ ಬಂದಾಗ ಎಲ್ಲರಿಗಿಂತ ಮೊದಲು ಶಟರ್ ಎಳೆಯುವವಳು. ಒಂದು ಗಳಿಗೆಯಲ್ಲಿ ಇಡೀ ಬೀದಿಗೆ ಸುದ್ದಿಯಾಯಿತು. ಯಾರೂ ಅದು ಯಾರ ಅಂಗಿ ಎಂದು ಕೇಳಲಿಲ್ಲ. ಕಾಲು ಮಾತ್ರ ನೋಡಿದ್ದವರಿಗೆ ಅಂಗಿಯ ಗುರುತು ಹೇಗೆ ಸಿಕ್ಕಿತೋ, ಅವರನ್ನೇ ಕೇಳಬೇಕು.

ಪಾತ್ರೆ ಅಂಗಡಿಯವರು ಏದುಸಿರು ಬಿಡುತ್ತ ಬಂದರು.

"ತಲೆ ಕೆಟ್ಟಿದೆಯಾ ನಿನಗೆ? ತೆಗಿ ಅದನ್ನ."

"ಇಸ್ತ್ರಿ ಆದ ಬಟ್ಟೆ ಅಲ್ಲೇ ಹಾಕೋದು ಸ್ವಾಮಿ."

"ನೋಡಮ್ಮ, ಸಂಜೆ ಅಣ್ಣ ಬರ್ತಾರೆ. ಎಲ್ಲ ಮಾತಾಡಿ ಸರಿ ಮಾಡ್ಕೊಂಡಿದ್ದೀವಿ. ನಾವು ಹೆಂಡ್ತಿ ಮಕ್ಕಳು ಇರೋರು. ನೀನೊಬ್ಬಳು ಹುಳಿ ಹಿಂಡ್ಬೇಡ. ಸಂಘದ ತೀರ್ಮಾನ ಆಗಿದೆ."

"ನಾನು ಸಂಘದವಳಲ್ವಲ್ಲ. ನೀವೇ ಹೇಳಿದ್ದು. ಸಂಘದ ತೀರ್ಮಾನ ನನಗ್ಯಾಕೆ?"

ಅವರು ಒಂದು ಹೆಜ್ಜೆ ಮುಂದೆ ಬಂದರು. ತಂತಿಯ ಕಡೆ ಕೈ ಚಾಚಿದರು. ಚಾಚಿದ ಕೈ ಅಂಗಿಯ ಹತ್ತಿರ ಹೋಗಿ ನಿಂತಿತು. ಆ ಕಲೆ ಮುಟ್ಟಲು ಅವರಿಂದಾಗಲಿಲ್ಲ.

"ನಿಮ್ಮ ಕೀ ಅರ್ಧ ಆಗಿತ್ತಂತೆ," ಎಂದಳು ಇಸ್ತ್ರಿಯವಳು. "ಬೇರೆ ಕಡೆ ಮಾಡಿಸ್ಕೊಳ್ಳಿ ಅಂತ ಬೀಗದಣ್ಣ ಹೇಳಿ ಕಳಿಸಿದ್ದಾನೆ. ಕೈ ತೆಗೆದ್ರು. ನಿಮ್ಮನ್ನ ಕಾಯಿಸಿದ್ದಕ್ಕೆ ಬೇಜಾರು ಮಾಡ್ಕೊಂಡಿದ್ದಾನೆ."

ಪಾತ್ರೆ ಅಂಗಡಿಯವರು ಮುಖ ತಿರುಗಿಸಿಕೊಂಡು ಹೋದರು. ಹೋಗುವಾಗ ಒಂದು ಸಲ ಎಡವಿದರು.

ಬಿಸಿಲು ಇಳಿಯುವ ಹೊತ್ತಿಗೆ ಡುಮ್ಮ ಬಂದ. ಮೈಮೇಲೆ ನೀಲಿ ಅಂಗಿ ಇತ್ತು, ಹಿಂದೆ ಬಾಲ ಇದ್ದ. ಬೀದಿಯ ಬಾಯಲ್ಲಿ ಅವನ ತಲೆ ಕಂಡದ್ದೇ ಶಟರುಗಳು ಗರಗರ ಇಳಿದು ಸೊಂಟದ ಮಟ್ಟಕ್ಕೆ ನಿಂತವು. ಅವನು ತಂತಿಯ ಮುಂದೆ ನಿಂತು ತನ್ನ ಅಂಗಿಯನ್ನು ನೋಡಿದ. ಮೊದಲು ಅವನಿಗೆ ಅರ್ಥವೇ ಆಗಲಿಲ್ಲ.

"ಇದೇನಿದು? ಒಗ್ದಿಲ್ವಾ?"

"ಇಲ್ಲ."

"ಯಾಕೆ, ಸೋಪು ಖಾಲಿನಾ?"

"ಸೋಪಿದೆ. ನೀರೂ ಇದೆ. ಒಗೆಯಲ್ಲ."

ಮಾತು ಸರಿಯಾಗಿ ಬಂತು. ಅದು ಅವಳಿಗೇ ಆಶ್ಚರ್ಯ.

"ತೆಗೆದು ತೊಟ್ಟಿಗೆ ಹಾಕು," ಎಂದ ಡುಮ್ಮ, ಮೆಲ್ಲಗೆ. ಅವನು ಮೆಲ್ಲಗೆ ಮಾತಾಡಿದರೆ ಏನಾಗುತ್ತದೆ ಎಂದು ಬೀದಿಗೆ ಗೊತ್ತು. "ಈಗಲೇ. ನನ್ನ ಕಣ್ಣೆದುರಿಗೆ ಒಗಿ."

"ಇನ್ನು ಅದು ಹೋಗಲ್ಲ. ಬಿಸಿ ಕೊಟ್ಟಿದ್ದೀನಿ. ನೀನು ಸಾಯೋ ತನಕ ಅದು ಹಾಗೇ ಇರುತ್ತೆ."

ಡುಮ್ಮ ಮೇಜಿಗೆ ಒದ್ದ. ಮೇಜು ಮಗುಚಿತು. ಇಸ್ತ್ರಿ ಪೆಟ್ಟಿಗೆ ಕಲ್ಲಿಗೆ ಬಿದ್ದು ಬಾಯಿ ತೆರೆಯಿತು, ಕೆಂಡ ಚೆಲ್ಲಾಡಿತು. ಅವಳ ಎಡಗಾಲಿನ ಮೇಲೆ ಬಿತ್ತು. ಚರ್ಮ ಸುಟ್ಟ ವಾಸನೆ ಬಂತು. ಅವಳು ಕಿರುಚಿದಳು. ಕಿರುಚುತ್ತಲೇ ಕಾಲು ಕೊಡವಿ, ಬಗ್ಗಿ, ಅರ್ಧ ಕೆಂಡ ಉಳಿದಿದ್ದ ಪೆಟ್ಟಿಗೆಯ ಹಿಡಿ ಹಿಡಿದು ಎತ್ತಿಕೊಂಡಳು. ಬಾಲ ಆಗಲೇ ತಂತಿಯ ಮೇಲಿನ ಅಂಗಿಗೆ ಕೈ ಹಾಕಿದ್ದ.

"ಮುಟ್ಟು," ಎಂದಳು. "ಮುಟ್ಟಿ ನೋಡು. ಇದು ಇನ್ನೂ ಕಾದಿದೆ."

ಬಾಲ ಕೈ ಹಿಂದಕ್ಕೆ ತೆಗೆದ.

ಅತ್ತೆ ಒಗೆಯುವ ಕೋಲು ಹಿಡಿದು ಹಿಂದಿನಿಂದ ಬಂದಳು. ಬೆನ್ನು ಬಾಗಿದ ಮುದುಕಿ, ಡುಮ್ಮನ ಎದೆಯ ಮಟ್ಟಕ್ಕೂ ಬರುವುದಿಲ್ಲ.

"ಲೋ ಡುಮ್ಮಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. "ನಿನ್ನ ಉಚ್ಚೆ ತೊಳೆದ ಕೈ ಕಣೋ ಇದು! ನನ್ನ ಸೊಸೆ ಮೇಲೆ ಬೆಂಕಿ ಹಾಕ್ತೀಯೇನೋ?"

ಯಾವುದೋ ಶಟರಿನ ಹಿಂದೆ ಯಾರಿಗೋ ನಗು ಬಂತು. ತಡೆದುಕೊಂಡರೂ ಮೂಗಿನಿಂದ ಹೊರಗೆ ಬಂತು. ಡುಮ್ಮ ಗಕ್ಕನೆ ಆ ಕಡೆ ತಿರುಗಿದ. ಸೊಂಟದ ಮಟ್ಟದ ಶಟರುಗಳ ಕೆಳಗೆ ಬರೀ ಕಾಲುಗಳು. ನಕ್ಕದ್ದು ಯಾವ ಕಾಲು ಎಂದು ಅವನಿಗೂ ತಿಳಿಯಲಿಲ್ಲ.

ಆಗ ಔಷಧಿ ಅಂಗಡಿಯ ಹುಡುಗಿ ಶಟರಿನ ಕೆಳಗೆ ಬಗ್ಗಿ ಹೊರಗೆ ಬಂದಳು. ಕೈಯಲ್ಲಿ ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು. ಡುಮ್ಮನ ಪಕ್ಕದಲ್ಲೇ, ಅವನ ಕಡೆ ನೋಡದೆ, ಬೀದಿ ದಾಟಿ ಬಂದು ಇಸ್ತ್ರಿಯವಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಕಾಲು ಕೊಡಿ ಅಕ್ಕ," ಎಂದಳು.

ಆ ಬೀದಿಯಲ್ಲಿ ಯಾರೂ ಇಸ್ತ್ರಿಯವಳನ್ನು ಅಕ್ಕ ಎಂದಿರಲಿಲ್ಲ. ಯಾರೂ ಅವಳ ಕಾಲು ಮುಟ್ಟಿರಲಿಲ್ಲ.

"ಒಳಗೆ ಹೋಗು," ಎಂದ ಡುಮ್ಮ ಹುಡುಗಿಗೆ.

"ಮುಲಾಮು ಹಚ್ತಿದ್ದೀನಿ," ಎಂದಳು ಹುಡುಗಿ ತಲೆ ಎತ್ತದೆ. ಹಚ್ಚುತ್ತಲೇ ಇದ್ದಳು. ದಾರ-ಗುಂಡಿಯವನೂ ಹೊರಗೆ ಬಂದ. ಅವನು ಏನೂ ಮಾಡಲಿಲ್ಲ. ತನ್ನ ಅಂಗಡಿಯ ಮುಂದೆ ಬಂದು ನಿಂತ, ಅಷ್ಟೇ. ಮುಖ ಕಾಣುವ ಹಾಗೆ ನಿಂತ. ಉಳಿದವರು ಬರಲಿಲ್ಲ.

ಇಸ್ತ್ರಿಯವಳು ತಂತಿಯಿಂದ ಅಂಗಿ ಇಳಿಸಿದಳು. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಹ್ಯಾಂಗರ್. ಕುಂಟಿಕೊಂಡು ಡುಮ್ಮನ ಎದುರು ಹೋದಳು.

"ಮೀಟಿಂಗಿಗೆ ಹಾಕ್ಕೋಬೇಕು ಅಂದ್ಯಂತೆ. ತಗೋ, ಹಾಕ್ಕೋ. ಇಸ್ತ್ರಿ ಚೆನ್ನಾಗಿ ಬಂದಿದೆ. ಹಾಕ್ಕೊಂಡು ಈ ಬೀದಿ ತುದಿವರೆಗೆ ಒಂದು ಸಲ ನಡಿ, ನೋಡೋಣ."

ಅಂಗಿ ಅವನ ಎದೆಯ ಹತ್ತಿರ ಬಂತು. ಅವನು ಕಿತ್ತುಕೊಳ್ಳಬಹುದಿತ್ತು. ಅವಳ ಕುತ್ತಿಗೆ ಹಿಸುಕಬಹುದಿತ್ತು. ಅವನಿಗೆ ಅದೇನು ಹೊಸತಲ್ಲ. ಆದರೆ ಅವನ ಕಣ್ಣು ಆ ಕಲೆಯ ಮೇಲಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಡುಮ್ಮ ಹಿಂದೆ ಸರಿದದ್ದನ್ನು ಆ ಬೀದಿ ಮೊದಲ ಸಲ ನೋಡಿತು. ಬಾಲನೂ ನೋಡಿದ. ನೋಡಿ, ಬೇರೆಲ್ಲೋ ನೋಡುವವನಂತೆ ಮಾಡಿದ.

"ನಾಳೆ ಈ ಮೆಟ್ಟಿಲ ಕೆಳಗೆ ನೀನಿರಲ್ಲ," ಎಂದ ಡುಮ್ಮ.

"ನಾಳೆದು ನಾಳೆ. ಇವತ್ತು ಇದ್ದೀನಿ."

ಅವನು ಉಗಿದು ಹೋದ. ಮೀಟಿಂಗಿಗೆ ಹೋಗಲಿಲ್ಲ. ಪಾತ್ರೆ ಅಂಗಡಿಯವರು ಶಟರಿನ ಹಿಂದಿನಿಂದಲೇ, "ಮೀಟಿಂಗ್ ಸ್ವಲ್ಪ ಮುಂದಕ್ಕೆ ಹಾಕೋಣ," ಎಂದು ಯಾರಿಗೆ ಎಂದಿಲ್ಲದೆ ಹೇಳಿದರು. ತಟ್ಟೆಗೆ ಬಂದು ಬಿದ್ದಿದ್ದ ಕೀಗಳು ಸದ್ದಿಲ್ಲದೆ ಒಂದೊಂದಾಗಿ ಅವರವರ ಜೇಬಿಗೆ ವಾಪಸ್ ಹೋದವು.

ಸ್ವಲ್ಪ ಹೊತ್ತಿಗೆ ಪೇದೆ ಬಂದ. ಇಂಥ ಸಮಯದಲ್ಲಿ ಅವನು ಯಾವಾಗಲೂ ಸ್ವಲ್ಪ ಹೊತ್ತಿಗೆ ಬರುತ್ತಾನೆ. ಅಂಗಿಗೆ ಕೈ ಚಾಚಿದ.

"ಕೊಡಮ್ಮ, ನಾನು ಸ್ಟೇಷನ್ನಿಗೆ ತಲುಪಿಸ್ತೀನಿ."

"ಬೇಡ. ನಾನೇ ತರ್ತೀನಿ."

"ನಿನಗ್ಯಾಕೆ ತೊಂದರೆ? ಕಾಲು ಬೇರೆ ಸುಟ್ಟಿದೆ."

"ದಾರಿ ಗೊತ್ತು ನನಗೆ. ನಿಮ್ಮ ಸ್ಟೇಷನ್ ಪರದೆ ಒಗೆಯೋಳು ನಾನೇ."

ಅತ್ತೆ ಬೀಗದವನ ಒಣಗಿದ ಅಂಗಿಯನ್ನು ಮಡಿಚಿ, ಅದಕ್ಕೆಂದು ಮತ್ತೆ ಬಂದಿದ್ದ ಅವನ ಹೆಂಡತಿಯ ಕೈಗೆ ಕೊಟ್ಟಳು. ಆಮೇಲೆ ಮಗುಚಿದ ಮೇಜನ್ನು ಎತ್ತಿ ನಿಲ್ಲಿಸಲು ಒದ್ದಾಡತೊಡಗಿದಳು. ಔಷಧಿ ಅಂಗಡಿಯ ಹುಡುಗಿ ಇನ್ನೊಂದು ಬದಿ ಹಿಡಿದಳು. ಇಸ್ತ್ರಿಯವಳು ಹ್ಯಾಂಗರನ್ನು ಎತ್ತರಕ್ಕೆ ಹಿಡಿದುಕೊಂಡು ಬೀದಿಯ ನಟ್ಟನಡುವೆ ನಡೆದಳು. ಬೀಗದವನ ಹೆಂಡತಿ ಅವಳ ತೋಳು ಹಿಡಿದುಕೊಂಡಳು. ಪ್ರತಿ ಹೆಜ್ಜೆಗೂ ಎಡಗಾಲು ನೆಲಕ್ಕೆ ತಾಗಿದಾಗ ನೋವು ತೊಡೆಯವರೆಗೆ ಹತ್ತುತ್ತಿತ್ತು.

ಸ್ಟೇಷನ್ನಿನಲ್ಲಿ ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ಅಂಗಿಯನ್ನು ನೋಡಿ ಮೂಗು ಮುರಿದರು.

"ಅಧ್ಯಕ್ಷರು ಫೋನ್ ಮಾಡಿದ್ರು. ಬೀಗದವನು ಕಾಲು ಜಾರಿ ಬಿದ್ದು ವೈಸಿಗೆ ಕೈ ಸಿಕ್ಕಿಸ್ಕೊಂಡ ಅಂತ ಹೇಳಿದ್ರು. ನೀನೇನಮ್ಮ ಇದು ಹೊತ್ಕೊಂಡು ಬಂದಿದ್ದೀಯ? ಅಲ್ಲಿ ಮೂಲೇಲಿಡು. ನಾಳೆ ಬಾ, ನೋಡೋಣ."

"ನಾಳೆ ಬರಲ್ಲ."

"ಹಾಗಾದ್ರೆ ನಾಡಿದ್ದು ಬಾ."

"ನಾಡಿದ್ದೂ ಬರಲ್ಲ. ಇಲ್ಲಿಂದ ಹೋದ್ರೆ ತಾನೆ ಬರೋದು?"

ಬಾಗಿಲಲ್ಲಿ ನಿಂತಿದ್ದ ಪೇದೆ ಕೆಮ್ಮಿದ. ಸಾಹೇಬರು ಈಗ ಅವಳನ್ನು ಸರಿಯಾಗಿ ನೋಡಿದರು. ಮಸಿ ಹಿಡಿದ ಕೈ, ಒದ್ದೆ ಬಟ್ಟೆ, ಬೊಬ್ಬೆ ಎದ್ದ ಕಾಲು. ಮೇಜಿನ ಈ ಕಡೆ ಎರಡು ಕುರ್ಚಿ ಖಾಲಿ ಇದ್ದವು. ಕೂತ್ಕೋ ಎಂದು ಯಾರೂ ಹೇಳಲಿಲ್ಲ.

ಅವಳು ಒಂದು ಕುರ್ಚಿಯನ್ನು ಬೀಗದವನ ಹೆಂಡತಿಯ ಕಡೆ ಎಳೆದಳು. ಇನ್ನೊಂದನ್ನು ತನ್ನ ಕಡೆ ಎಳೆದುಕೊಂಡು ಕೂತಳು. ಅಂಗಿಯನ್ನು ಮೇಜಿನ ಮೇಲೆ, ಸಾಹೇಬರ ಕಾಗದಗಳ ಮೇಲೆಯೇ, ಹರಡಿದಳು.

"ಬರ್ಕೊಳ್ಳಿ," ಎಂದಳು. "ನಿಧಾನಕ್ಕೆ ಹೇಳ್ತೀನಿ."